ಕಟರ್ ಗ್ರೈಂಡರ್ ಕೊಳ್ಳಲು ಹೋದದ್ದು

ಪೀಣ್ಯದಲ್ಲಿ ನಾನು ಕೆಲಸಕ್ಕೆ ಸೇರಿದ ಶೆಡ್ಡಿನಲ್ಲಿ ಗಂಡಸರೆಲ್ಲ ಮಷೀನಿನ ಮುಂದೆ, ಹೆಂಗಸರೆಲ್ಲ ಪ್ಯಾಕಿಂಗ್ ಮೇಜಿನ ಮುಂದೆ. ಐಟಿಐನಲ್ಲಿ ಮೆಷಿನಿಸ್ಟ್ ಕಲಿತು ಪಾಸಾಗಿದ್ದ ನನ್ನನ್ನೂ ಕೂರಿಸಿದ್ದು ಪ್ಯಾಕಿಂಗಿಗೇ. ಬೇರೆಯವರು ಮಾಡಿದ ಗೇರುಗಳಿಗೆ ಎಣ್ಣೆ ಸವರುವುದು, ಕಾಗದ ಸುತ್ತುವುದು, ಪೆಟ್ಟಿಗೆಗೆ ತುಂಬುವುದು. ಮಗುವಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತುವ ಕೆಲಸಕ್ಕೆ ಐಟಿಐ ಯಾಕೆ ಬೇಕು ಎಂದು ನಾನು ದಿನವೂ ಗೊಣಗುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ದೇವರು ಎತ್ತರದಲ್ಲಿ ಉಳಿಸಿಕೊಂಡಿದ್ದನ್ನೆಲ್ಲ ಇವಳ ನಾಲಿಗೆಗೆ ಸೇರಿಸಿಬಿಟ್ಟ ಎಂದು ಅಮ್ಮ ಹೇಳುತ್ತಿದ್ದಳು. ಎತ್ತರದ ವಿಷಯ ನಿಜ. ಬಸ್ಸಿನಲ್ಲಿ ಮೇಲಿನ ಕಂಬಿ ನನ್ನ ಕೈಗೆ ಎಂದೂ ಸಿಕ್ಕಿದ್ದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಬ್ಬಿಣ ಕಡಿಯುವ, ಸುತ್ತಲೂ ಹಲ್ಲಿರುವ ನಮ್ಮ ಮಿಲ್ಲಿಂಗ್ ಕಟರುಗಳು ಮೊಂಡಾದರೆ ಹೊರಗೆ ಸಾಣೆಗೆ ಕಳಿಸುತ್ತಿದ್ದರು. ಅವು ವಾಪಸು ಬರುವತನಕ ಮಷೀನು ಸುಮ್ಮನೆ ನಿಂತಿರುತ್ತಿತ್ತು. ಬಂದ ಮೇಲೆ ನೋಡಿದರೆ ಹಲ್ಲಿನ ತುದಿಗಳು ಬಿಸಿಗೆ ಸುಟ್ಟು ನೀಲಿ. ನೀಲಿಯಾದ ಹಲ್ಲಿನಲ್ಲಿ ಗಟ್ಟಿತನ ಉಳಿದಿರುವುದಿಲ್ಲ, ಅದು ಕಬ್ಬಿಣವನ್ನು ಕಡಿಯುವುದರ ಬದಲು ಉಜ್ಜುತ್ತದೆ. ಕೊನೆಗೊಂದು ದಿನ ನಮ್ಮ ಓನರಿಗೆ ತಲೆ ಕೆಟ್ಟು, ನಮ್ಮದೇ ಒಂದು ಕಟರ್ ಗ್ರೈಂಡರ್ ತಂದುಬಿಡೋಣ ಎಂದರು.

ನಾನು ಎಣ್ಣೆ ಕೈಯಲ್ಲೇ ಅವರ ಕೋಣೆಗೆ ನುಗ್ಗಿದೆ. “ಸಾರ್, ಆ ಮಷೀನು ನಂಗೆ ಕೊಡಿ. ನಾನು ಕಲ್ತಿದೀನಿ.”

ಅಲ್ಲೇ ಕೂತಿದ್ದ ಫೋರ್ಮನ್ ನಕ್ಕರು. “ಸಾಣೆಗೆ ಮಷೀನ್ ಯಾಕಮ್ಮಾ ನಿಂಗೆ? ಕಟರ್‌ನ ಹಿಡ್ಕೊಂಡು ಎರಡು ಮಾತಾಡು, ತಾನೇ ಹರಿತ ಆಗುತ್ತೆ.”

ಓನರು ನಗಲಿಲ್ಲ. “ಆರಿಸೋಕೆ ನೀನೂ ಬಾ. ಮಷೀನು ನಿನ್ನ ಕೈಗೆ ಬಗ್ಗಿದ್ರೆ ನಿಂಗೇ,” ಎಂದರು.

ಹಾಗೆ ನಾವು ಮೂವರೂ ಅವರ ಹಳೆಯ ವ್ಯಾನಿನಲ್ಲಿ ಹೊರಟೆವು. ಓನರಿಗೊಂದು ಅಭ್ಯಾಸವಿತ್ತು. ಯಾವ ಮಷೀನು ಕಂಡರೂ ಮೊದಲು ಭುಜ ಕೊಟ್ಟು ತಳ್ಳಿ ನೋಡುವುದು. ಫೋರ್ಮನ್ ಮಷೀನನ್ನು ನೋಡುವ ಮೊದಲೇ ಕ್ಯಾಟಲಾಗ್ ಕೇಳಿ ಪಡೆದು ಹೂಂಗುಟ್ಟುತ್ತಾ ಓದುತ್ತಿದ್ದರು. ನಾನು ನಮ್ಮದೇ ಎರಡು ಮೊಂಡು ಕಟರುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದೆ. ಮಾರುವವರು ತೋರಿಸುವ ಕಟರು ಯಾವಾಗಲೂ ಒಳ್ಳೆಯದೇ ಆಗಿರುತ್ತದೆ.

ಮೊದಲನೆಯದು ಪೀಣ್ಯದಲ್ಲೇ ಇತ್ತು. ಪುಟ್ಟ ಮಷೀನು, ಹಸಿರು ಬಣ್ಣ, ಟೇಬಲ್ಲು ಸರಿಯಾಗಿ ನನ್ನ ಕೈಮಟ್ಟಕ್ಕೆ. ನೋಡಿದ ಕೂಡಲೇ ಇದು ನನ್ನದೇ ಎನ್ನಿಸಿತು. ಕಟರು ಕೂರಿಸಿ, ಒಂದೊಂದೇ ಹಲ್ಲನ್ನು ವೀಲಿಗೆ ಕೊಟ್ಟು ಸಾಣೆ ಹಿಡಿದೆ. ಫೋರ್ಮನ್, “ನಿಂಗೇ ಅಳತೆ ಕೊಟ್ಟು ಮಾಡಿಸಿದಂಗಿದೆ ಕಣಮ್ಮಾ,” ಎಂದರು. ನಾನು ಹಲ್ಲುಗಳನ್ನು ಅಳೆದು ನೋಡಿದೆ. ಒಂದು ಉದ್ದ, ಒಂದು ಗಿಡ್ಡ. ಹಾಗಾದರೆ ಉದ್ದನೆಯ ಹಲ್ಲುಗಳೇ ಉಳಿದವುಗಳ ಕೆಲಸವನ್ನೂ ಮಾಡಿ ಬೇಗ ಸವೆಯುತ್ತವೆ. ನನ್ನದೇ ತಪ್ಪಿರಬೇಕೆಂದು ಇನ್ನೊಮ್ಮೆ ಹಿಡಿದೆ. ಮತ್ತೆ ಅದೇ. ಓನರು ಭುಜ ಕೊಟ್ಟಾಗಲೇ ಮಷೀನು ಅಲುಗಿತ್ತು. ಡ್ರಿಲ್ಲು, ಸಣ್ಣ ಕಟರುಗಳಿಗೆ ಅದು ಸಾಕು, ನಮ್ಮ ದೊಡ್ಡ ಕಟರಿನ ಭಾರಕ್ಕೆ ನಡುಗುತ್ತಿತ್ತು.

ಎರಡನೆಯದು ಊರಿನ ಇನ್ನೊಂದು ತುದಿಗೆ, ಬೊಮ್ಮಸಂದ್ರದಲ್ಲಿ. ಅದು ಆನೆಯಂಥದ್ದು. ಓನರು ಭುಜ ಕೊಟ್ಟರು, ಓನರೇ ಅಲುಗಿದರು. ಅಲ್ಲಿನ ಸೇಲ್ಸ್‌ಮನ್ ನನ್ನ ಇನ್ನೊಂದು ಕಟರನ್ನು ಸಾಣೆ ಹಿಡಿದುಕೊಟ್ಟ. ಎಲ್ಲ ಹಲ್ಲುಗಳೂ ಒಂದೇ ಸಮ, ನೀಲಿಯ ಸುಳಿವಿಲ್ಲ. ಕಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಕೆಳಗಿಡಲು ಮನಸ್ಸೇ ಬರಲಿಲ್ಲ. ಆಮೇಲೆ ನನ್ನ ಸರದಿ. ವೀಲು ನನ್ನ ಗದ್ದದ ಮಟ್ಟಕ್ಕಿತ್ತು. ತುದಿಗಾಲಲ್ಲಿ ನಿಂತರೂ ಕಟರಿನ ಹಲ್ಲು ವೀಲಿಗೆ ಎಲ್ಲಿ ತಾಗುತ್ತಿದೆ ಎಂಬುದು ಕಾಣಿಸಲಿಲ್ಲ.

“ಮೇಡಂ, ಇದಕ್ಕೆ ಸ್ವಲ್ಪ ಹೈಟ್ ಬೇಕಾಗುತ್ತೆ,” ಎಂದ ಸೇಲ್ಸ್‌ಮನ್ ಮೆಲ್ಲಗೆ.

ಫೋರ್ಮನ್ ಓನರ ಕಡೆ ತಿರುಗಿದರು. “ಇದನ್ನ ತಗೊಂಡ್ರೆ ಲೇತ್‌ನಲ್ಲಿರೋ ಆ ಉದ್ದನೆ ಹುಡುಗನ್ನೇ ಹಾಕ್ಬೇಕು ಸಾರ್.”

ಚಿಕ್ಕದು ಬಂದರೆ ಮಷೀನು ನನಗೆ, ದೊಡ್ಡದು ಬಂದರೆ ನಾನು ಮತ್ತೆ ಎಣ್ಣೆ ಡಬ್ಬಕ್ಕೆ.

ವಾಪಸು ಬರುವಾಗ ದಾರಿಯಲ್ಲಿ ಟೀ ಕುಡಿಯಲು ನಿಂತೆವು. “ಹೇಳಮ್ಮಾ, ಯಾವುದು?” ಎಂದರು ಓನರು. ಚಿಕ್ಕದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನಾನು ಟೀ ಊದುತ್ತಾ ನಿಂತೆ. ಫೋರ್ಮನ್ನಿಗೆ ಆಶ್ಚರ್ಯ. “ಏನಿದು, ಇವಳ ಬಾಯಿಗೂ ಬೀಗ ಬಿತ್ತಾ!”

“ದೊಡ್ಡದೇ ತಗೊಳ್ಳಿ ಸಾರ್,” ಎಂದುಬಿಟ್ಟೆ. “ಚಿಕ್ಕದು ಅಲ್ಲಾಡುತ್ತೆ. ನಮ್ಮ ಕಟರ್‌ಗೆ ಆಗಲ್ಲ.”

“ಮತ್ತೆ ನೀನು?”

“ಹಲಗೆ ಹಾಕ್ಕೊಂಡು ನಿಲ್ತೀನಿ.”

ಓನರು ಅಡ್ಡಡ್ಡ ತಲೆಯಾಡಿಸಿದರು. “ಅದರ ಮುಂದೆ ಹಿಂದೆ ಓಡಾಡ್ತಾನೇ ಇರ್ಬೇಕು. ಹಲಗೆ ಮೇಲಿಂದ ಕಾಲು ಜಾರಿದ್ರೆ ಮುಖ ವೀಲ್‌ಗೇ ಹೋಗುತ್ತೆ. ಬೇಡ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ವ್ಯಾನಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ, ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಪೀಣ್ಯದಿಂದ ಬಸ್ಸು ಹಿಡಿದು ನಮ್ಮೂರು ಮಾಕಳಿಯಲ್ಲಿ ಇಳಿದು ಮನೆಗೆ ಹೋದರೆ ಅಮ್ಮ, “ಅದ್ಯಾಕೆ ಇಂಗೆ ಮಕ ಊದಿಸ್ಕೊಂಡಿದೀಯ?” ಎಂದಳು. ನಡೆದದ್ದನ್ನೆಲ್ಲ ಹೇಳಿದೆ.

“ಅಲ್ವೇ, ಚಿಕ್ಕದೇ ಚೆಂದಾಗೈತೆ ಅಂತ ಒಂದು ಸುಳ್ಳು ಏಳಕ್ಕೆ ಬರ್ಲಿಲ್ವಾ ನಿಂಗೆ?”

“ಆಮೇಲೆ ಆ ಉದ್ದ ಗಿಡ್ಡ ಹಲ್ಲನ್ನ ದಿನಾ ನಾನೇ ನೋಡ್ಬೇಕಲ್ಲಮ್ಮಾ,” ಎಂದೆ. ಅಮ್ಮ ನನ್ನ ತಲೆಗೆ ಒಂದು ಮೊಟಕಿ ಮುದ್ದೆ ಬಡಿಸಿದಳು.

ದೊಡ್ಡದೇ ಬರುವುದೆಂದು ಗೊತ್ತಾಯಿತು. ಮಷೀನು ಬರುವ ಮೊದಲು ಗಾರೆಯವನು ಬಂದು ಶೆಡ್ಡಿನ ಮೂಲೆಯಲ್ಲಿ ನೆಲ ಅಗೆಯತೊಡಗಿದ. ನಾನು ಆ ಕಡೆ ತಿರುಗಿಯೂ ನೋಡದೆ ಕಾಗದ ಸುತ್ತುತ್ತಿದ್ದೆ. ಆಗ ಓನರು ಕೂಗಿದರು. “ಇಲ್ಲಿ ಬಾಮ್ಮಾ. ಚಪ್ಪಲಿ ಬಿಡ್ಬೇಡ, ಹಾಗೇ ನೆಟ್ಟಗೆ ನಿಂತ್ಕೋ. ಕೈ ಮಡಚು.”

ನನ್ನ ಮೊಣಕೈಯಿಂದ ನೆಲದವರೆಗೆ ಟೇಪು ಹಿಡಿದು, ಅಳತೆಯನ್ನು ಗಾರೆಯವನಿಗೆ ಹೇಳಿದರು. ಆಮೇಲೆ ಗುಂಡಿ ಎಷ್ಟು ಆಳ ಹೋಗಬೇಕೆಂದು ಕೋಲಿನಲ್ಲಿ ತೋರಿಸಿದರು. ಫೋರ್ಮನ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. “ಸಾರ್, ಊರೆಲ್ಲ ಮಷೀನ್‌ನ ಕಟ್ಟೆ ಮೇಲೆ ಕೂರಿಸ್ತಾರೆ. ನಾವು ಹೂತಾಕೋದಾ?”

“ಇವಳನ್ನ ಎಳೆದು ಉದ್ದ ಮಾಡಕ್ಕಾಗಲ್ಲ ಕಣ್ರೀ,” ಎಂದರು ಓನರು. “ಮಷೀನೇ ಒಂಚೂರು ಇಳೀಲಿ.”

ನನಗೆ ಕುಣಿದಾಡುವಷ್ಟು ಖುಷಿಯಾಗಿತ್ತು, ಅಳುವೂ ಬರುತ್ತಿತ್ತು. ಗುಂಡಿಯಲ್ಲಿ ಧೂಳು ತುಂಬಿಕೊಳ್ಳುತ್ತದೆ ಎಂದು ಫೋರ್ಮನ್ ಇನ್ನೂ ಗೊಣಗುತ್ತಿದ್ದರು. ದಿನಾ ನಾನೇ ಗುಡಿಸುತ್ತೇನೆ ಎಂದು ಅವರ ಬಾಯಿ ಮುಚ್ಚಿಸಿದೆ.

ಮಷೀನು ಬಂದು ಗುಂಡಿಯಲ್ಲಿ ಕೂತು ನನ್ನದಾಯಿತು. ನಾನು ರಜೆ ಹಾಕಿದ ದಿನ ಲೇತಿನ ಆ ಉದ್ದನೆಯ ಹುಡುಗ ಅಲ್ಲಿ ನಿಲ್ಲಬೇಕಾಗುತ್ತಿತ್ತು. ಬಗ್ಗಿ ಬಗ್ಗಿ ಸಂಜೆಯಷ್ಟರಲ್ಲಿ ಅವನ ಸೊಂಟ ಬಿದ್ದುಹೋಗಿರುತ್ತಿತ್ತು. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ರಜೆ ಮಾತ್ರ ಹಾಕ್ಬೇಡಿ,” ಎನ್ನುತ್ತಿದ್ದ. ಮಷೀನನ್ನು ಮೇಲೆತ್ತಿಸಿಬಿಡೋಣ ಎಂದು ಫೋರ್ಮನ್ ಒಮ್ಮೆ ಹೇಳಿ ನೋಡಿದರು. ಕಾಂಕ್ರೀಟು ಒಡೆಯಬೇಕಾಗುತ್ತದೆ, ಹೋಗಲಿ ಬಿಡಿ ಎಂದರು ಓನರು. ನಾನು ಆ ಶೆಡ್ಡಿನಲ್ಲಿ ಇದ್ದಷ್ಟು ಕಾಲ ಪ್ಯಾಕಿಂಗ್ ಮೇಜಿಗೆ ನನ್ನನ್ನು ಯಾರೂ ಕರೆಯಲಿಲ್ಲ.