ಮಳಿಗೆ ತೋರಿಸುವ ಮ್ಯಾನೇಜರ್
ಕೆಳಗೆ ಮಳಿಗೆ, ಮೇಲೆ ಮನೆ, ನಡುವೆ ನೀರು ಚಿಮ್ಮದ ಕಾರಂಜಿ ಇರುವ ಆ ಹೊಸ ಕಟ್ಟಡದಲ್ಲಿ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಮ್ಯಾನೇಜರ್ ಮಾತಿನಲ್ಲೇ ಅರಮನೆ ಕಟ್ಟುವ ಆಸಾಮಿ. ಬೆಳಗ್ಗೆ ಬಂದವನೇ ಖಾಲಿ ಮಳಿಗೆಗಳ ದೀಪವನ್ನೆಲ್ಲ ಹಾಕುತ್ತಾನೆ. ಗಾಜಿನ ಮೇಲಿನ 'ಶೀಘ್ರದಲ್ಲೇ ಆರಂಭ' ಎಂಬ ಹಾಳೆ ಬಿಸಿಲಿಗೆ ಬಿಳಿಚಿಕೊಂಡಿದ್ದರೆ ಹೊಸದು ಅಂಟಿಸುತ್ತಾನೆ. ನೋಡಲು ಬಂದವರು ಬೇಕರಿಯವರಾದರೆ "ಮೇಲಿನ ಮನೆಯವರೆಲ್ಲ ಬ್ರೆಡ್ಡಿಗೆ ಬಾಯಿ ಬಾಯಿ ಬಿಡ್ತಿದ್ದಾರೆ ಸಾರ್" ಎನ್ನುತ್ತಾನೆ. ಔಷಧಿ ಅಂಗಡಿಯವರಾದರೆ ಅದೇ ಮನೆಯವರನ್ನೆಲ್ಲ ಒಂದೇ ಉಸಿರಿಗೆ ಕಾಯಿಲೆ ಬೀಳಿಸುತ್ತಾನೆ. ಮೇಲೆ ಬಟ್ಟೆ ಒಣಗುವುದು ಎರಡು ಬಾಲ್ಕನಿಗಳಲ್ಲಿ ಮಾತ್ರ. ಯಾವ ಮಳಿಗೆ ತೋರಿಸಿದರೂ "ನಿಮಗೋಸ್ಕರಾನೇ ಹಿಡಿದಿಟ್ಟಿದ್ದೀನಿ" ಎಂಬ ಮಾತು ತಪ್ಪುವುದಿಲ್ಲ. ನಾಲ್ಕನೆಯದರ ಬಾಗಿಲಲ್ಲಿ ಮಾತ್ರ ಕಾಲನ್ನು ಗೇಣೆತ್ತರ ಎತ್ತಿ ಒಳಗಿಡುತ್ತಾನೆ. ಹಿಂದೆ ಬಂದವರೂ ಗಾಬರಿಯಿಂದ ಕಾಲೆತ್ತಿ, ನುಣ್ಣನೆಯ ನೆಲ ನೋಡಿ, "ಇಲ್ಲೇನೂ ಇಲ್ವಲ್ಲ?" ಎನ್ನುತ್ತಾರೆ. "ಅಭ್ಯಾಸ ಸಾರ್" ಎಂದು ನಗುತ್ತಾನೆ. ಈ ಕಟ್ಟಡಕ್ಕಾಗಿ ಹಳೆಯ ಪೇಟೆ ಕೆಡವುವ ಮೊದಲು ಅಲ್ಲಿದ್ದದ್ದು ಅವನ ಅಪ್ಪನ ಗಡಿಯಾರ ರಿಪೇರಿ ಅಂಗಡಿ. ಅದರ ಎತ್ತರದ ಹೊಸ್ತಿಲು ಎಡವಿ ಎಡವಿಯೇ ಅವನು ದೊಡ್ಡವನಾದದ್ದು. ಜಾಗ ಬಿಡಲೊಲ್ಲದ ಅಪ್ಪನನ್ನು ಒಪ್ಪಿಸಿದವನೂ ಅವನೇ. "ಕಟ್ಟಿ ಮುಗೀಲಿ ಅಪ್ಪ, ಇದೇ ಜಾಗ ನಿನಗೋಸ್ಕರಾನೇ ಹಿಡಿದಿಡ್ತೀನಿ" ಎಂದಿದ್ದ. ಕಟ್ಟಿ ಮುಗಿಯುವವರೆಗೆ ಅಪ್ಪ ಉಳಿಯಲಿಲ್ಲ. ಅವನು ಆಡಿದ ಅಷ್ಟೂ ಮಾತುಗಳಲ್ಲಿ ನಿಜವಾದದ್ದು ಅದೊಂದೇ: ಯಾರೂ ಬಾಡಿಗೆಗೆ ಹಿಡಿಯದೆ, ಸುಮ್ಮನೆ ದೀಪ ಉರಿಯುವ ಆ ನಾಲ್ಕನೆಯ ಮಳಿಗೆ ಇನ್ನೂ ಅಪ್ಪನಿಗೇ ಉಳಿದಿದೆ.