ಮುತ್ತರಾಯಪ್ಪನ ಎಡಗೈ ಏಟು

ಮತ್ತಿಗಿರಿಯ ಮುತ್ತರಾಯಪ್ಪನ ಶೆಡ್ಡಿಗೆ ಹಳೇ ಬ್ರಿಟಿಷ್ ಬೈಕು ತರುತ್ತಿದ್ದವರು ಮೊದಲು ಮಾಡುತ್ತಿದ್ದ ತಪ್ಪು ಒಂದೇ. ಗಾಡಿ ನಿಲ್ಲಿಸಿದ ಕೂಡಲೇ ಕಾಗದಪತ್ರ ತೆಗೆದು ಅವನ ಮೂಗಿನ ಮುಂದೆ ಹಿಡಿಯುತ್ತಿದ್ದರು. "ಎತ್ತಿಡಿ ಸಾಮಿ. ಕಾಗ್ದ ಯಾರ್ ಬೇಕಾದ್ರೂ ಬರೀತಾರೆ. ಕಬ್ಣ ಏನ್ ಹೇಳ್ತದೋ ಕೇಳಾನ" ಎಂದು ಅವನು ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ನಟ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಸಲೀಸಾಗಿ ಕೂತರೆ ಮುಖ ಸಿಂಡರಿಸುತ್ತಿದ್ದ. ಆ ಕಾಲದ ನಟ್ಟುಗಳಿಗೆ ಇಂಗ್ಲೆಂಡಿನ ಇಂಚಿನ ಅಳತೆಯ ಸ್ಪ್ಯಾನರೇ ಆಗಬೇಕು. ಅರ್ಧ ಗಂಟೆ ಬಿಟ್ಟು ಎದ್ದು, ಫ್ರೇಮು ಯಾವ ಕಾಲದ್ದು, ಇಂಜಿನ್ನು ಯಾವ ಗಾಡಿಯದು, ಯಾವ ಪುಣ್ಯಾತ್ಮ ಎಲ್ಲಿ ಬೆಸುಗೆ ಹಾಕಿದ್ದಾನೆ ಎಂದು ಜಾತಕ ಓದಿದ ಹಾಗೆ ಹೇಳುತ್ತಿದ್ದ. ಬೆಂಗಳೂರು, ಸೇಲಂ ಕಡೆಯ ಶೋಕಿಲಾಲರೂ ಅವನ ಬಾಯಿಂದ ಒಂದು "ಹೂಂ" ಬೀಳದೆ ಹಳೇ ಗಾಡಿ ಕೊಳ್ಳುತ್ತಿರಲಿಲ್ಲ.

ನಾನು ವೆಂಕಟೇಶಪ್ಪ. ಹೊಸೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಅವನ ಪಕ್ಕದ ಮೆಷಿನ್ನಿನಲ್ಲಿ ಇಪ್ಪತ್ತೆಂಟು ವರ್ಷ ನಿಂತವನು. ರಜೆ ದಿನ ಅವನು ಬೈಕು ಬಿಚ್ಚುತ್ತಿದ್ದ, ನಾನು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ರಿಟೈರಾದ ಮೇಲೆ ದಿನಾ ಅದೇ ಆಯಿತು. ಅವನಿಗೆ ಸಿಗುತ್ತಿದ್ದ ಮರ್ಯಾದೆ ಕಂಡು ಹೊಟ್ಟೆಕಿಚ್ಚೂ ಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ಹೋದ ವರ್ಷ ಕೃಷ್ಣಗಿರಿಯ ಮಾವಿನ ಪ್ರದರ್ಶನದ ಮೈದಾನದಲ್ಲಿ ಹಳೇ ಗಾಡಿಗಳನ್ನೂ ಸಾಲಾಗಿ ನಿಲ್ಲಿಸಿದ್ದರು. ಡೆಂಕಣಿಕೋಟೆ ಕಡೆಯ ಹಳ್ಳಿಯಿಂದ ಬಂದಿದ್ದ ಅಕ್ಕಯಮ್ಮ ಎಂಬ ಹೆಂಗಸು ಅಲ್ಲಿ ಒಂದು ಬಿಎಸ್‌ಎ ಎಂ20 ಬೈಕಿನ ಮುಂದೆ ನಿಂತಳು, ಸೀಟಿನ ಕೆಳಗೆ ಗಂಡ ಹಾಕಿಸಿದ್ದ ಬೆಸುಗೆಯ ಗಂಟು ಸವರಿದಳು, ಆಮೇಲೆ ಮುಂದಿನ ಚಕ್ರ ತಬ್ಬಿಕೊಂಡು ನೆಲಕ್ಕೆ ಕೂತವಳು ಪೊಲೀಸರು ಬರುವ ತನಕ ಏಳಲಿಲ್ಲ. ಯುದ್ಧಕಾಲದ ಐನೂರು ಸಿಸಿ ಗಾಡಿ ಅದು. ಅವಳ ಮಾವ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದಂತೆ. ರಾಗಿ ಹೊಲಕ್ಕೆ ಆನೆ ಬಿದ್ದಾಗ ಅವಳ ಗಂಡ ರಾಮಕೃಷ್ಣಪ್ಪ ಅದನ್ನು ಬದುವಿನ ಮೇಲೆ ನಿಲ್ಲಿಸಿ ಗುಡುಗುಡು ಅನ್ನಿಸಿದರೆ ಆನೆಗಳು ಬಂದ ದಾರಿ ಹಿಡಿಯುತ್ತಿದ್ದವಂತೆ. ಹದಿನೈದು ವರ್ಷದ ಹಿಂದೆ ರಿಪೇರಿಗೆ ಬಿಟ್ಟ ಅಂಗಡಿ ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಮೆಕ್ಯಾನಿಕ್ಕೂ ಇಲ್ಲ, ಗಾಡಿಯೂ ಇಲ್ಲ. ಮನೆಯವರು ನಂಬಲಿಲ್ಲ. ಅಪ್ಪನ ಗಾಡಿಯನ್ನು ಗುಟ್ಟಾಗಿ ಮಾರಿಕೊಂಡು ತಿಂದ ಅಂದರು. ರಾಮಕೃಷ್ಣಪ್ಪ ಆ ಮಾತು ಹೊತ್ತುಕೊಂಡೇ ಸತ್ತ. ಒಡಹುಟ್ಟಿದ ತಮ್ಮ ಮೂರ್ತಿ ಹೆಣಕ್ಕೆ ಹೆಗಲು ಕೊಡಲಿಲ್ಲ. ಅಕ್ಕಯಮ್ಮನಿಗೆ ಬೇಕಾಗಿದ್ದದ್ದು ಗಾಡಿಯಲ್ಲ, ಗಂಡ ಕಳ್ಳನಲ್ಲ ಎಂಬ ಒಂದು ಮಾತು.

ಗಾಡಿಯ ಈಗಿನ ಯಜಮಾನ ಕುಮಾರೇಶ್ ಕೃಷ್ಣಗಿರಿಯ ಮಾವಿನ ವ್ಯಾಪಾರಿ, ಮೂರನೇ ಕೈಯಿಂದ ಕೊಂಡವನು. ಅವನ ಆರ್‌ಸಿಯ ನಂಬರೂ ಫ್ರೇಮಿನ ಕತ್ತಿನ ಮೇಲೆ ಹೊಡೆದ ನಂಬರೂ ತಾಳೆಯಾಗುತ್ತಿದ್ದವು. ಅಕ್ಕಯಮ್ಮನ ಹಳೇ ಆರ್‌ಸಿಯಲ್ಲಿದ್ದದ್ದು ಬೇರೆಯೇ ನಂಬರು. ಇಂಜಿನ್ನು ನಡುವೆ ಬದಲಾಗಿತ್ತು, ಅದರ ನಂಬರು ಸಾಕ್ಷಿಗೆ ಬರುತ್ತಿರಲಿಲ್ಲ. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಚಂದ್ರಲೇಖಾ ಕೊನೆಗೆ ಎರಡೂ ಕಡೆಯವರನ್ನು ಒಪ್ಪಿಸಿದರು: ಮುತ್ತರಾಯಪ್ಪ ನೋಡಿ ಹೇಳಲಿ, ಅದನ್ನೇ ಬರೆದುಕೊಳ್ಳುತ್ತೇನೆ.

ಒಂದು ಬುಧವಾರ ಮಧ್ಯಾಹ್ನ ಟೆಂಪೋದಲ್ಲಿ ಗಾಡಿ ಶೆಡ್ಡಿಗೆ ಬಂತು. ಎಲ್ಲರೂ ಬಂದರು. ಮೂರ್ತಿಯೂ ಬಂದಿದ್ದ, ಅತ್ತಿಗೆ ತಲೆ ತಗ್ಗಿಸುವುದನ್ನು ನೋಡಲಿಕ್ಕೆ. ಮುತ್ತರಾಯಪ್ಪ ಯಥಾಪ್ರಕಾರ ಕುಕ್ಕರಗಾಲಲ್ಲಿ ಕೂತ. ಫ್ರೇಮಿನ ಕತ್ತಿಗೆ ಟಾರ್ಚ್ ಬಿಟ್ಟು ನಂಬರಿನ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ನಿಂತಿತು. ಅಂಗಿಗೆ ಒರೆಸಿಕೊಂಡು ಮತ್ತೆ ಆಡಿಸಿದ. ಆಮೇಲೆ ತಲೆ ಎತ್ತಿ ನೋಡಿದ್ದು ಇನ್‌ಸ್ಪೆಕ್ಟರನ್ನಲ್ಲ, ನನ್ನನ್ನು. ನಾನೂ ಬಗ್ಗಿ ಅಂಕಿ ನೋಡಿದೆ.

ಮುತ್ತರಾಯಪ್ಪ ಎಡಚ. ಅವನು ಅಂಕಿಯ ಅಚ್ಚಿರುವ ಉಕ್ಕಿನ ಪಂಚು ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಅಂಕಿಯ ಒಂದು ಮಗ್ಗುಲು ಆಳವಾಗಿ, ಇನ್ನೊಂದು ಮಗ್ಗುಲು ತೇಲಿಕೊಂಡು ಬೀಳುತ್ತದೆ. ಟೂಲ್‌ರೂಮಿನಲ್ಲಿ ಅದಕ್ಕೆ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡಿದ್ದಾನೆ. ಈ ನಂಬರು ಅವನು ಹೊಡೆದದ್ದು.

ಮಾಸಿದ ನಂಬರನ್ನು ಮತ್ತೆ ಹೊಡೆಯುವುದು ಆಗ ಎಲ್ಲ ಶೆಡ್ಡುಗಳಲ್ಲೂ ವಾಡಿಕೆ. ಗಾಡಿ ಆರ್‌ಟಿಓ ಆಫೀಸಿಗೆ ಹೋದರೆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕಿಗೆ ಮಾಸಿದ ನಂಬರು ಅಚ್ಚಿಗೆ ಬರುವುದಿಲ್ಲ. ಅದಕ್ಕೆ ಹಿಂದಿನ ದಿನವೇ ಪಂಚು ಇಟ್ಟು ಆಳ ಮಾಡಿಬಿಡುವುದು. ಕಾನೂನು ಒಪ್ಪುವುದಿಲ್ಲ, ಆದರೆ ನಮಗೆ ಯಾರಿಗೂ ಅದು ಕಳ್ಳತನ ಅನ್ನಿಸಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಒಬ್ಬ ಬ್ರೋಕರ್ ಬರೀ ಫ್ರೇಮು, ಇಂಜಿನ್ನು ತಂದು, ನಂಬರನ್ನು ತುಕ್ಕು ತಿಂದಿದೆ, ಕಾಗದ ನೋಡಿ ಹೊಡೆದುಕೊಡಿ ಅಂದ. ತುಕ್ಕು ತಿಂದ ಕಬ್ಬಿಣ ಗುಳಿಗುಳಿ ಇರುತ್ತದೆ. ಆ ಜಾಗ ನುಣ್ಣಗಿತ್ತು, ಅರ ಹಾಕಿ ಉಜ್ಜಿದ ನುಣುಪು. ಮುತ್ತರಾಯಪ್ಪನ ಕಣ್ಣು ಇಂಜಿನ್ನಿನ ಮೇಲಿತ್ತು. ಅಂಥದ್ದನ್ನು ಅವನು ಅಲ್ಲಿಯ ತನಕ ಬಿಚ್ಚಿರಲಿಲ್ಲ. ಹುಟ್ಟಿದಾಗಿನಿಂದ ಅದೊಂದು ದಿನ ಅವನು ಕಾಗದವನ್ನು ನಂಬಿ ಕಬ್ಬಿಣವನ್ನು ಕೇಳಲಿಲ್ಲ. ಫ್ರೇಮು ಅಲುಗದ ಹಾಗೆ ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದವನು ನಾನು. ನನಗೆ ಆ ನುಣುಪು ಕಂಡಿತ್ತು. ನನಗ್ಯಾಕೆ ಅಂತ ಸುಮ್ಮನಿದ್ದೆ.

"ಏನ್ ಸಾರ್, ನಂಬರ್ ಒರಿಜಿನಲ್ ತಾನೆ?" ಅಂದ ಕುಮಾರೇಶ್. ಒಂದು "ಹೂಂ" ಸಾಕಿತ್ತು. ಮುತ್ತರಾಯಪ್ಪ ಕೈ ತೊಳೆಯುವ ನೆಪದಲ್ಲಿ ಹಿಂದಿನ ನಲ್ಲಿ ಹತ್ತಿರ ಹೋದ. ನಾನೂ ಹೋದೆ.

"ಲೋ ಎಂಕಟೇಸ, ಇದು ನನ್ ಏಟು ಕಣ್ಲಾ."

"ಗೊತ್ತು. ಹೂಂ ಅಂದ್ಬುಡು. ಕಾಗ್ದ ಸರ್ಯಾಗೈತೆ, ನಂಬರ್ ಸರ್ಯಾಗೈತೆ, ಯಾವೋನ್ ಕೇಳ್ತಾನೆ? ಇಲ್ದಿದ್ರೆ ಈ ವಯಸ್ನಲ್ಲಿ ಇಬ್ರೂ ಸ್ಟೇಷನ್ ಮೆಟ್ಲು ಹತ್ಬೇಕಾಯ್ತದೆ."

"ಆಯಮ್ಮನ್ ಮಖ ನೋಡ್ದೇನ್ಲಾ?"

"ನೋಡ್ಬ್ಯಾಡ. ಗಾಡಿ ನೋಡು."

ಅವನು ನಲ್ಲಿ ನಿಲ್ಲಿಸಿ ಒಳಗೆ ಹೋದ. ಇನ್‌ಸ್ಪೆಕ್ಟರಿಗೆ ಇರುವ ನಂಬರಿನ ಫೋಟೋ, ಪೆನ್ಸಿಲ್ ಅಚ್ಚು ತೆಗೆದುಕೊಳ್ಳಲು ಹೇಳಿದ. ಆಮೇಲೆ ಆ ಜಾಗವನ್ನು ಎಮ್ರಿ ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಹತ್ತಿಯಲ್ಲಿ ಆ್ಯಸಿಡ್ ಅದ್ದಿ ಸವರಿದ. ಪಂಚಿನ ಏಟು ಬಿದ್ದ ಕಡೆ ಕೆಳಗಿನ ಲೋಹ ಅದುಮಿಕೊಂಡಿರುತ್ತದೆ. ಮೇಲೆ ಅರ ಹಾಕಿ ಅಳಿಸಿದರೂ ಆ್ಯಸಿಡ್ ಬಿದ್ದಾಗ ಅದು ಬೇರೆ ಬಣ್ಣಕ್ಕೆ ತಿರುಗುತ್ತದೆ, ಆಳಕ್ಕೆ ಉಜ್ಜಿಲ್ಲದಿದ್ದರೆ.

ಮೊದಲ ಸಲ ಏನೂ ಬರಲಿಲ್ಲ. ಎರಡನೇ ಸಲವೂ ಇಲ್ಲ. ಮೂರ್ತಿ ಕಿಸಕ್ಕೆಂದು ನಕ್ಕ. ಅಕ್ಕಯಮ್ಮ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು. ನಾನು ಮನಸ್ಸಿನಲ್ಲಿ ದೇವರಿಗೆ ಕೈ ಮುಗಿಯುತ್ತಿದ್ದೆ, ಏನೂ ಬಾರದಿರಲಿ ಅಂತ. ನಾನು ಅಂಥ ಮನುಷ್ಯ.

ಮೂರನೇ ಸಲಕ್ಕೆ, ಈಗಿನ ಅಂಕಿಗಳ ಸಂದಿನಲ್ಲಿ ಒಂದು ಬೂದು ಗೆರೆ ಎದ್ದಿತು. ಪಕ್ಕದಲ್ಲಿ ಒಂದು ಡೊಂಕು. ಚಂದ್ರಲೇಖಾ ಮೊಬೈಲಿನಲ್ಲಿ ಪಟಪಟ ಫೋಟೋ ತೆಗೆದು, ಹಳೇ ಆರ್‌ಸಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಓದಿದರು. ಓದು ಬಾರದ ಅಕ್ಕಯಮ್ಮ ಅವರ ತುಟಿಯನ್ನೇ ನೋಡುತ್ತಿದ್ದಳು.

"ಅಮ್ಮಾ, ಇದು ಉಂಗ ವಂಡಿದಾನ್. ನಿಮ್ ಗಾಡೀನೇ" ಎಂದರು, ತಮಿಳು ಕನ್ನಡ ಬೆರೆಸಿ.

ಅಕ್ಕಯಮ್ಮ ಗಾಡಿಯ ಕಡೆ ತಿರುಗಲಿಲ್ಲ. ಮೈದುನನ ಕಡೆ ತಿರುಗಿ, "ಕೇಳುಸ್ಕಂಡ್ಯಾ?" ಅಂದಳು. ಮೂರ್ತಿ ನೆಲ ನೋಡಿದ.

"ಮೇಲಿನ ನಂಬರ್ ಯಾರು ಹೊಡ್ದಿದ್ದು ಅಂತ ಗೊತ್ತಾಗುತ್ತಾ ಸಾರ್?" ಎಂದು ಚಂದ್ರಲೇಖಾ ಕೇಳಿದರು. ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ನಾನೇ ಮೇಡಂ" ಅಂದ ಮುತ್ತರಾಯಪ್ಪ.

ಅಕ್ಕಯಮ್ಮ ಅವನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. "ನಮ್ಮೆಜಮಾನ್ರು ಸತ್ತು ಒಂಬತ್ ವರ್ಸ ಆಯ್ತು. ಅವತ್ತು ಒಂದ್ ಮಾತ್ ಕೇಳ್ಬಾರ್ದಿತ್ತಾ ಅಣ್ಣಾ ನೀನು, ಇದು ಯಾರ್ ಗಾಡಿ ಅಂತ?" ಅಂದಳು.

ಇನ್‌ಸ್ಪೆಕ್ಟರ್ ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿದರು. "ಫ್ರೇಮ್ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕಲ್ವಾ ಸಾರ್? ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಬೆಂಚಿನ ವೈಸಿಗೆ ಕಚ್ಚಿಸಿದ್ದೆ."

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನಿದ್ದೆ ಎಂದು ಹೇಳಲು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ಆಮೇಲೆ ಅವರು ಕಾಗದ ಮಡಿಸಿಟ್ಟುಕೊಂಡರು.

ಈಗ ಶೆಡ್ಡಿಗೆ ಯಾರೂ ಗಾಡಿ ತರುವುದಿಲ್ಲ. ಕೇಸು ಕೃಷ್ಣಗಿರಿ ಕೋರ್ಟಿನಲ್ಲಿ ನಡೆಯುತ್ತಿದೆ. ವಾಯಿದೆ ಇದ್ದ ದಿನ ಇಬ್ಬರೂ ಬಸ್ಸಿನಲ್ಲಿ ಹೋಗುತ್ತೇವೆ, ಅವನು ಆರೋಪಿ, ನಾನು ಗೆಳೆಯ. ಆ ದಿನದ ಮಾತು ಅವನು ಇವತ್ತಿಗೂ ಎತ್ತಿಲ್ಲ. ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಸ್ಸು ಹತ್ತಿದ ಕೂಡಲೇ ಅವನು ಪಕ್ಕಕ್ಕೆ ಸರಿದು, ಕಿಟಕಿಯ ಸೀಟು ನನಗೆ ಬಿಟ್ಟುಕೊಡುತ್ತಾನೆ.