ಶಾಲೆ ನೋಡಲು ಬಂದರು

ನಮ್ಮ ಕಡೆ ಹೆಣ್ಣು ನೋಡಲು ಬರುತ್ತಾರೆಂದರೆ ಇಡೀ ಓಣಿ ಆ ಮನೆಗೆ ಸಾಮಾನು ಸಾಗಿಸುತ್ತದೆ. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಮನೆಯ ಸ್ಟೀಲಿನ ಲೋಟ, ಮತ್ತೊಬ್ಬರ ಟೇಬಲ್ ಫ್ಯಾನು. ಬೇಡವೆಂದರೂ ತಂದಿಟ್ಟು ಹೋಗುತ್ತಾರೆ. ಇದು ಮೋಸ ಎಂದು ಯಾರಿಗೂ ಅನ್ನಿಸುವುದಿಲ್ಲ, ಬಂದವರಿಗೆ ಕೊಡುವ ಮರ್ಯಾದೆ ಅಷ್ಟೆ. ಕೌತಾಳಂ ಕಡೆಯ ನನ್ನ ತವರಿನಲ್ಲಿ ನನ್ನನ್ನು ನೋಡಲು ಬಂದಾಗಲೂ ಹೀಗೇ ಆಗಿತ್ತು. ಆವತ್ತು ನಮ್ಮತ್ತೆ ಕೂತಿದ್ದ ಕೆಂಪು ಕುರ್ಚಿ ಪಕ್ಕದ ಮನೆಯದು. ಮದುವೆಯಾದ ಮೇಲೆ ಒಮ್ಮೆ ಬಂದವರು ಆ ಕುರ್ಚಿ ಎಲ್ಲಿ ಎಂದು ಕೇಳಿದರು, ನಮ್ಮವ್ವ ಚಾಪೆ ಹಾಸಿದಳು. ಇವತ್ತಿಗೂ ನಾನು ಏನಾದರೂ ದೊಡ್ಡ ಮಾತಾಡಿದರೆ ಅತ್ತೆ, "ಬಂದ್ಳು ನೋಡ್ರಿ ಕೆಂಪು ಕುರ್ಚಿ ಮನಿಯಾಕಿ" ಎಂದು ಕಾಲೆಳೆಯುತ್ತಾರೆ. ನಾನೂ ನಗುತ್ತಿದ್ದೆ. ನಮ್ಮೂರ ಶಾಲೆ ನೋಡಲು ಸಾಹೇಬರು ಬಂದುಹೋದ ಮೇಲೆ ಆ ಮಾತಿಗೆ ನನಗೆ ನಗು ಬರುವುದಿಲ್ಲ.

ನನ್ನನ್ನು ಕೊಟ್ಟಿದ್ದು ಆಂಧ್ರದ ಗಡಿಯಲ್ಲಿ, ಹೊಳಗುಂದದ ಆಚೆಯ ಒಂದು ಸಣ್ಣ ಊರಿಗೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಿಟ್ಟು ಬಂದರೆ ಎರಡೂ. ಶಾಲೆ ಸರ್ಕಾರದ್ದು, ಕನ್ನಡದ್ದು, ಐದನೆಯ ತರಗತಿಯವರೆಗೆ. ನಾನು ಆದೋನಿಯಲ್ಲಿ ಇಂಟರ್, ಅಂದರೆ ಹನ್ನೆರಡನೆಯ ತರಗತಿ ಮುಗಿಸಿದವಳು, ಈಗ ಮನೆಯಲ್ಲಿ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ಸರ್ಕಾರ ಕೊಡುವ ಯೂನಿಫಾರ್ಮ್ ಬಟ್ಟೆ, ಊರ ಮಕ್ಕಳದ್ದೆಲ್ಲ, ನನ್ನ ಮಷೀನಿಗೇ ಬರುತ್ತದೆ. ಮಗಳನ್ನು ಈ ಶಾಲೆಗೇ ಹಾಕಿದಾಗ, ಕಾನ್ವೆಂಟಿನ ಹಳದಿ ಬಸ್ಸಿಗೆ ಮಕ್ಕಳನ್ನು ಹತ್ತಿಸುವವರು ನನ್ನನ್ನು ಕನಿಕರದಿಂದ ನೋಡಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಶಾಲೆಗೆ ಹೊಸ ಬಣ್ಣ ಬಂದಿತ್ತು, ಗೋಡೆ ತುಂಬ ಚಿತ್ರಗಳು ಬಂದಿದ್ದವು, ಬೂಟು, ಬ್ಯಾಗು, ಮಧ್ಯಾಹ್ನಕ್ಕೆ ಮೊಟ್ಟೆ ಎಲ್ಲ ಇತ್ತು. ಶಾಲೆ ಹೇಗಿದೆ ಎಂದು ಕೇಳಿದವರಿಗೆ ಊರವರು ಆ ಗೋಡೆಯನ್ನೇ ತೋರಿಸುತ್ತಿದ್ದರು. ನಾನೂ ಅದನ್ನೇ ತೋರಿಸಿದ್ದೆ.

ಮಗಳು ಮೂರನೆಯ ತರಗತಿಗೆ ಬಂದಿದ್ದಳು. ಒಂದು ಸಂಜೆ ನಾನು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಾಗ ಪಕ್ಕದಲ್ಲಿ ಕೂತು ಇರುವೆಯ ಪಾಠ ಓದುತ್ತಿದ್ದಳು. ನೀರು ಕುಡಿದಂತೆ ಓದುತ್ತಿದ್ದಳು, ಎಲ್ಲೂ ತಡೆಯಿಲ್ಲ. ನನಗೆ ಎಷ್ಟು ಹಿಗ್ಗು! ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ಅವಳು ನಿಲ್ಲಿಸಲಿಲ್ಲ. ಹಾಳೆಯ ಮೇಲೆ ರೈಲಿನ ಚಿತ್ರವಿದೆ, ಇವಳ ಬಾಯಲ್ಲಿ ಇನ್ನೂ ಇರುವೆ ಬೆಲ್ಲ ಹೊರುತ್ತಿದೆ. ಹುಕ್ಕು ಬಿಟ್ಟು ಹತ್ತಿರ ಹೋದೆ. ಚಿತ್ರದ ಕೆಳಗಿನ ಪದ ತೋರಿಸಿ ಇದೇನು ಎಂದೆ.

"ರೈಲು," ಅಂದಳು.

ಚಿತ್ರದ ಮೇಲೆ ಅಂಗೈ ಮುಚ್ಚಿ, ಪಕ್ಕದ ಪದ ತೋರಿಸಿದೆ. ಅವಳು ಪದ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಇದು ಸಾರು ಇನ್ನಾ ಹೇಳಿಲ್ಲ ಯವ್ವಾ."

ಮೂರು ವರ್ಷ ಶಾಲೆಗೆ ಹೋದ ಮಗು ಮಾಸ್ತರರು ಬಾಯಲ್ಲಿ ಹೇಳಿಕೊಟ್ಟಿದ್ದನ್ನು ಬಾಯಲ್ಲಿ ಒಪ್ಪಿಸುತ್ತಿತ್ತು. ಓದು ಅಂದರೆ ಅದೇ ಎಂದು ಪಾಪ ಅವಳು ನಂಬಿದ್ದಳು.

ಮರುದಿನ ಶಾಲೆಗೆ ಹೋಗಿ ಒಂದು ಮೂಲೆಯಲ್ಲಿ ಕೂತೆ. ಮೊದಲು ಇಬ್ಬರು ಮಾಸ್ತರರಿದ್ದರು. ಒಬ್ಬರು ಆದೋನಿಯ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡು ಹೋದ ಮೇಲೆ ಐದೂ ತರಗತಿಗೆ ಒಬ್ಬರೇ. ಆ ಒಬ್ಬರ ಕೈಯಲ್ಲಿ ಸೀಮೆಸುಣ್ಣಕ್ಕಿಂತ ಹೆಚ್ಚು ಹೊತ್ತು ಫೋನಿತ್ತು. ಮಕ್ಕಳ ಹಾಜರಿಯ ಫೋಟೋ, ಅನ್ನದ ಫೋಟೋ, ಮೊಟ್ಟೆಯ ಫೋಟೋ, ಕೊನೆಗೆ ಕಕ್ಕಸಿನ ಫೋಟೋ. ಹೊತ್ತಿಗೆ ಸರಿಯಾಗಿ ಅವು ಮೇಲೆ ಹೋಗಬೇಕು, ಹೋಗದಿದ್ದರೆ ಮೇಲಿನಿಂದ ಫೋನು ಬರುತ್ತದೆ. ನಡುವೆ ಸಿಗ್ನಲ್ ಹುಡುಕುತ್ತ ಬೇವಿನ ಮರದ ಕಟ್ಟೆ ಹತ್ತಿ ನಿಲ್ಲುತ್ತಿದ್ದರು. ಒಳಗೆ ಮಕ್ಕಳು ಎಲ್ಲರೂ ಸೇರಿ ಇರುವೆಯ ಪಾಠ ಕೂಗುತ್ತಿದ್ದರು.

ಬೈಯಬೇಕೆಂದೇ ಹೋಗಿದ್ದೆ. ಆದರೆ ಮಾಸ್ತರರು ತಾವೇ ಕಟ್ಟೆ ಇಳಿದು ಬಂದು, "ನಿಮ್ಮ ಹುಡುಗಿ ಶಾಣ್ಯಾ ಅದಾಳ್ರಿ. ಇನ್ನೊಬ್ರು ಮಾಸ್ತರ್ ಬಂದ್ರ ಸಾಕು, ಕೂಡ್ರಿಸಿ ಓದಿಸ್ತೀನಿ. ಈಗ ಯಾವಾಗ ಓದಿಸ್ಲಿ ನೀವ ಹೇಳ್ರಿ" ಎಂದರು. ಬೈಯದೆ ಮನೆಗೆ ಬಂದೆ. ಮನೆಯಲ್ಲೇ ಕಲಿಸೋಣವೆಂದು ಕೂರಿಸಿಕೊಂಡು ನೋಡಿದೆ. ಮಗಳಿಗೆ ನಿದ್ದೆ, ನನಗೆ ಸಿಟ್ಟು. ಅದೂ ಅಲ್ಲದೆ ಬೇರೆ ಮಕ್ಕಳ ಅವ್ವಂದಿರು ಹತ್ತಿ ಬಿಡಿಸಿ ಬಂದು ಒಲೆ ಹಚ್ಚುವವರು, ಅವರು ಯಾವಾಗ ಕಲಿಸಬೇಕು? ಐದು ಮುಗಿದರೆ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ಅಕ್ಷರ ಕಲಿಸಲು ಯಾರೂ ಕಾದು ಕೂತಿರುವುದಿಲ್ಲ. ಈಗ ಓದಲು ಬಂದರೆ ಬಂತು, ಇಲ್ಲದಿದ್ದರೆ ನನ್ನ ಮಗಳು ಜೀವನವಿಡೀ ಚಿತ್ರ ನೋಡಿ ಪದ ಹೇಳಬೇಕಾಗುತ್ತದೆ.

ಮಂಡಲದ, ಅಂದರೆ ನಮ್ಮ ತಾಲೂಕಿನ, ಶಿಕ್ಷಣ ಕಚೇರಿಗೆ ಅಲೆದೆ. ಅಲ್ಲಿ ಹೇಳಿದ್ದು ಒಂದೇ ಮಾತು. ಈ ಭಾಗಕ್ಕೆ ಒಬ್ಬ ಮಾಸ್ತರರನ್ನು ಕೊಡುವುದಿದೆ, ಸಾಹೇಬರು ಬಂದು ಶಾಲೆಗಳನ್ನು ನೋಡುತ್ತಾರೆ, ಎಲ್ಲಿ ಮಕ್ಕಳು ಓದಿನಲ್ಲಿ ಹಿಂದಿದ್ದಾರೋ ಆ ಶಾಲೆಗೆ ಕೊಡುತ್ತಾರೆ. ನನಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಷ್ಟು ಖುಷಿ. ನಮ್ಮ ಮಕ್ಕಳು ಹಿಂದಿದ್ದಾರೆ ಎಂದು ತೋರಿಸಲು ಏನು ಕಷ್ಟ? ಸಾಹೇಬರು ಬಂದು ಒಂದು ಪುಟ ಓದಿಸಿದರೆ ಮುಗಿಯಿತು.

ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆಂದು ಸುದ್ದಿ ಬಂತು. ಆ ಹೊತ್ತಿಗೆ ಊರಿನ ಎಷ್ಟೋ ಮನೆಗಳು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗಿರುತ್ತವೆ, ಮಕ್ಕಳನ್ನೂ ಕಟ್ಟಿಕೊಂಡು. ಬೆಂಚುಗಳು ಅರ್ಧಕ್ಕರ್ಧ ಖಾಲಿ. ಪೇರೆಂಟ್ಸ್ ಕಮಿಟಿಯ ಸಭೆ ಸೇರಿತು. ಚೇರ್ಮನ್ನರು ನಮ್ಮೂರ ಹಿರಿಯರು, ಆದೋನಿಗೆ ಹತ್ತಿ ಹಾಕುವ ವ್ಯಾಪಾರಸ್ಥರು. ಅವರ ಮೊಮ್ಮಕ್ಕಳು ಹೋಗುವುದು ಹಳದಿ ಬಸ್ಸಿನಲ್ಲಿ, ಆದರೂ ಚೇರ್ಮನ್ನರು ಅವರೇ. ನಾನು ಎದ್ದು ನಿಂತು, ಇರುವುದನ್ನು ಇದ್ದ ಹಾಗೆ ತೋರಿಸೋಣ, ಖಾಲಿ ಬೆಂಚು ಖಾಲಿಯಾಗಿಯೇ ಕಾಣಲಿ, ಓದಲು ಬಾರದ ಮಕ್ಕಳನ್ನೇ ಮುಂದೆ ಕೂರಿಸೋಣ, ಆಗಲೇ ಮಾಸ್ತರರು ಬರುವುದು ಎಂದೆ. ಎಲ್ಲರೂ ತಲೆ ಆಡಿಸಿದರು. ಹಿರಿಯರು, "ಹೌದವ್ವಾ, ನೀ ಓದಿದಾಕಿ, ನಿನ ಮಾತು ಖರೇ ಐತಿ" ಎಂದರು. ನಮ್ಮ ಕಡೆ ಎದುರಿಗೆ ಇಷ್ಟು ಸಲೀಸಾಗಿ ಒಪ್ಪಿದರೆ ಹಿಂದಿನಿಂದ ಬೇರೆ ಏನೋ ನಡೆಯುತ್ತದೆ. ಗೊತ್ತಿದ್ದೂ ನಾನು ನಂಬಿದೆ.

ಸಾಹೇಬರು ಮಧ್ಯಾಹ್ನ ಊಟದ ಮೇಲೆ ಬರುತ್ತಾರೆಂದು ಹಿರಿಯರು ನನಗೆ ಹೇಳಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಆದೋನಿಗೆ ಹೋಗಿ, ಲೈನಿಂಗ್ ಬಟ್ಟೆ, ದಾರ ತೆಗೆದುಕೊಂಡು, ಸಿಕ್ಕ ಬಸ್ಸಿಗೆ ನಿಂತುಕೊಂಡೇ ವಾಪಸ್ಸು ಬಂದೆ. ಇನ್ನೂ ಊಟದ ಹೊತ್ತಾಗಿರಲಿಲ್ಲ, ಊರ ಬಾಗಿಲಲ್ಲೇ ಸಾಹೇಬರ ಜೀಪು ನಿಂತಿತ್ತು. ಹಳದಿ ಬಸ್ಸಿಗೆ ಹೋಗಬೇಕಾದ ಮಕ್ಕಳ ಬ್ಯಾಗುಗಳು ಹಿರಿಯರ ಮನೆಯ ಕಟ್ಟೆಯ ಮೇಲೆ ಸಾಲಾಗಿ ಬಿದ್ದಿದ್ದವು. ಏನೋ ತಪ್ಪಿದೆ ಅನ್ನಿಸಿತು. ಚೀಲ ಹಿಡಿದುಕೊಂಡೇ ಶಾಲೆಗೆ ಓಡಿದೆ.

ಬಾಗಿಲಲ್ಲಿ ನಿಂತು ನೋಡುತ್ತೇನೆ, ಬೆಂಚು ತುಂಬ ಮಕ್ಕಳು. ಎಲ್ಲರ ಮೈಮೇಲೆ ನಾನು ಹೊಲಿದ ಯೂನಿಫಾರ್ಮ್. ಆದರೆ ಮುಖಗಳು ಬೇರೆ. ಮುಂದಿನ ಸಾಲಿನಲ್ಲಿ ಹಿರಿಯರ ಮೊಮ್ಮಗಳು ನಿಂತು ಇಂಗ್ಲಿಷ್ ಪಾಠದ ಒಂದು ಪುಟ ಓದುತ್ತಿದ್ದಳು. ಅವಳು ಹಾಕಿಕೊಂಡ ಅಂಗಿಯ ಜೇಬಿಗೆ ಬೇರೆ ಬಗೆಯ ನೀಲಿ ದಾರದ ಹೊಲಿಗೆ ಇತ್ತು. ದಾರ ಸಾಲದೆ ಹಾಗೆ ಹೊಲಿದದ್ದು ಒಂದೇ ಅಂಗಿಗೆ, ನನ್ನ ಮಗಳದ್ದಕ್ಕೆ. ಬೇರೆಯವರ ಅಂಗಿಯಾಗಿದ್ದರೆ ದಾರ ತಂದೇ ಹೊಲಿಯುತ್ತಿದ್ದೆ.

ನನ್ನ ಮಗಳು ಆ ಕೋಣೆಯಲ್ಲಿ ಇರಲಿಲ್ಲ.

ಸಾಹೇಬರು ಕರ್ನೂಲಿನ ಕಡೆಯವರು, ಕನ್ನಡ ಬಾರದು. ಹಾಗಾಗಿ ಕನ್ನಡ ಓದಿಸುವ ಗೋಜಿಗೇ ಹೋಗಿರಲಿಲ್ಲ. "ಚಾಲಾ ಬಾಗಾ ಚದುವುತುನ್ನಾರು" ಎಂದು ತಲೆ ಆಡಿಸುತ್ತ, ತುಂಬ ಚೆನ್ನಾಗಿ ಓದುತ್ತಾರೆಂದು ಹಿರಿಯರಿಗೆ ಹೇಳುತ್ತಿದ್ದರು. ಹಿರಿಯರ ಮುಖ ಊರಗಲ ಆಗಿತ್ತು. ಯಾರದೋ ಮನೆಯ ಹೊಸ ಕುರ್ಚಿ, ಯಾರದೋ ಮನೆಯ ಫ್ಯಾನು, ಬಾಳೆಹಣ್ಣು, ಸೋಡಾ. ಮಾಸ್ತರರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ತೆಲುಗಿನಲ್ಲೇ ಹೇಳಿದೆ. ಈ ಮಕ್ಕಳು ಈ ಶಾಲೆಯವರಲ್ಲ ಸಾರ್, ಕಾನ್ವೆಂಟಿನವರು, ನಮ್ಮ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿ ಇವರನ್ನು ತಂದಿದ್ದಾರೆ, ಈ ಅಂಗಿಗಳು ನಾನೇ ಹೊಲಿದದ್ದು, ಬೇಕಾದರೆ ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳಿ. ಹಿರಿಯರು ನಕ್ಕು, ತೆಲುಗಿನಲ್ಲೇ ಸಾಹೇಬರಿಗೆ ಹೇಳಿದರು.

"ಆಕಿದು ಹಂಗ ಸಾರ್. ಒಳ್ಳೆ ಹೆಣ್ಮಗಳು, ಸ್ವಲ್ಪ ಸಿಟ್ಟು ಜಾಸ್ತಿ."

ಸಾಹೇಬರು ನನ್ನನ್ನು ನೋಡಿದರು, ಮಾಸ್ತರರನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅವರಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಆಮೇಲೆ ಅವರು ಫೋನು ನೋಡಿದರು.

"ಸಬ್ಮಿಟ್ ಅಯಿಪೋಯಿಂದಮ್ಮಾ," ಎಂದರು. ಫೋಟೋ, ಮಾರ್ಕು ಎಲ್ಲ ಮೇಲೆ ಹೋಗಿಬಿಟ್ಟಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದು. "ಒಳ್ಳೆಯ ಮಾರ್ಕು ಬಂದಿದೆ. ಅದಕ್ಕೂ ಬೇಜಾರಾದರೆ ಹೇಗಮ್ಮಾ?" ಎಂದು ತೆಲುಗಿನಲ್ಲೇ ಕೇಳಿ, ಇನ್ನೂ ಬೇರೆ ಊರ ಶಾಲೆಗಳಿಗೆ ಹೋಗಬೇಕು ಎನ್ನುತ್ತ ಸೋಡಾ ಮುಗಿಸಿ ಜೀಪು ಹತ್ತಿದರು. ಮಾಸ್ತರರು ನನ್ನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಮನೆಗೆ ಬಂದರೆ ಮಗಳು ಮನೆಯಲ್ಲಿ ಹಾಕುವ ಹಳೆಯ ಫ್ರಾಕಿನಲ್ಲಿ, ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅತ್ತೆಯ ಮೇಲೆ ಕೂಗಾಡಿದೆ. ಓಣಿ ಕೇಳುವಷ್ಟು ಕೂಗಾಡಿದೆ.

"ಅಂಗಿ ಒಂದು ತಾಸಿಗೆ ಕೊಡ್ರಿ ಅಂದ್ರು, ಕೊಟ್ಟೆ," ಎಂದರು ಅತ್ತೆ. ಅವರಿಗೆ ನಿಜವಾಗಿಯೂ ತಪ್ಪು ಕಂಡಿರಲಿಲ್ಲ. "ನೋಡಾಕ ಬಂದೋರ ಮುಂದ ಹರಕು ಚಾಪಿ ಹಾಸ್ತಾರೇನು? ಶಾಲಿ ಚಂದ ಕಾಣ್ಲಿಲ್ಲಂದ್ರ ಮುಚ್ಚಿ ಬಿಡ್ತಾರಂತ. ಊರ ಮರ್ಯಾದಿ ಅಲ್ಲೇನು? ನಿಮ್ಮವ್ವ ಕುರ್ಚಿ ತರ್ಲಿಲ್ಲೇನು?"

"ನಮ್ಮವ್ವ ಕುರ್ಚಿ ತಂದ್ಲು ಅತ್ತಿ," ಎಂದೆ. "ನನ್ನ ಒಳಗಿಟ್ಟು ಬ್ಯಾರೆ ಹುಡುಗೀನ ತಂದು ಕೂಡ್ರಿಸ್ಲಿಲ್ಲ."

ಅತ್ತೆ ಎದ್ದು ಒಳಗೆ ಹೋದರು. ಆದರೆ ಗೆದ್ದು ನನಗೇನು ಸಿಕ್ಕಿತು?

ಬರಬೇಕಿದ್ದ ಹೊಸ ಮಾಸ್ತರರನ್ನು ಬೇರೆ ಊರಿಗೆ ಕೊಟ್ಟರು. ಅಲ್ಲಿ ಮಕ್ಕಳು ನಿಜವಾಗಿಯೂ ಹಿಂದಿದ್ದರಂತೆ, ಆ ಊರಿನ ಮೇಲೆ ನನಗೆ ಕೋಪವಿಲ್ಲ. ಕಚೇರಿಗೆ ಹೋಗಿ ಕೇಳಿದರೆ, "ನಿಮ್ಮದು ಚೆನ್ನಾಗಿ ನಡೆಯುವ ಶಾಲೆ" ಎಂದರು. ಊರಲ್ಲಿ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಒಬ್ಬರಿಗೂ ಹೊಟ್ಟೆ ಉರಿಯಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿ. ಸುಗ್ಗಿಯಿಂದ ಮಕ್ಕಳು ಕೈಯಲ್ಲಿ ಮೆಣಸಿನಕಾಯಿಯ ಘಾಟು ಹೊತ್ತು ವಾಪಸ್ಸು ಬಂದರು, ಮೊದಲಿನ ಹಾಗೇ ಇರುವೆಯ ಪಾಠ ಕೂಗಲು ಕೂತರು. ಮಾಸ್ತರರು ಮೊದಲಿನ ಹಾಗೇ ಕಟ್ಟೆ ಹತ್ತಿ ಸಿಗ್ನಲ್ ಹುಡುಕಿದರು.

ಸಾಹೇಬರು ಹೋದ ದಿನದ ಸಂಜೆಯೇ ಹಿರಿಯರ ಮನೆಯಿಂದ ಅಂಗಿ ವಾಪಸ್ಸು ಬಂದಿತ್ತು. ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸಿದ್ದರು. ನಮ್ಮಲ್ಲಿ ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಪಾತ್ರೆಯಾದರೆ ಒಳಗೆ ಒಂದು ಹಿಡಿ ಏನಾದರೂ ಹಾಕುತ್ತಾರೆ. ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ತುಂಡು ಇತ್ತು. ಮಗಳು ಬೆಲ್ಲ ತಿಂದಳು.

ಮರುದಿನ ಬೆಳಿಗ್ಗೆ ಅಂಗಿ ತೊಡಿಸಲು ಹೋದರೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಫ್ರಾಕಿನಲ್ಲೇ ಹೋಗುತ್ತೇನೆ ಎಂದು ಹಟ. ಹೊಡೆಯಲು ಕೈ ಎತ್ತಿದವಳು ಯಾಕೆ ಎಂದು ಕೇಳಿದೆ.

"ಅದು ಓದಾಕ ಬರೋರ ಅಂಗಿ ಯವ್ವಾ," ಅಂದಳು. "ನಂಗ ಓದಾಕ ಬಂದ ಮ್ಯಾಲೆ ಹಾಕ್ಕೊಂತೀನಿ."

ಅಂಗಿಯನ್ನು ಮಷೀನಿನ ಮೇಲೆ ಇಟ್ಟೆ. ಬೆಳೆಯುವ ಮಗು ಎಂದು ಕೆಳಗಿನ ಮಡಿಕೆಯಲ್ಲಿ ಉದ್ದ ಬಿಡಲು ಬಟ್ಟೆ ಇಟ್ಟು ಹೊಲಿದಿದ್ದೆ. ಅವಳಿಗೆ ಓದಲು ಬರುವಷ್ಟರಲ್ಲಿ ಆ ಮಡಿಕೆ ಬಿಚ್ಚಿದರೂ ಅಂಗಿ ಚಿಕ್ಕದಾಗುತ್ತದೋ ಏನೋ, ಅವಳಿನ್ನೂ ಅದನ್ನು ಮುಟ್ಟಿಲ್ಲ.